ಅಕೌಂಟ್ ಇಲ್ಲದೆ ಚಾಟ್‌ಬಾಟ್ ಬಳಸಿದರೆ ನಮ್ಮ ಗುಟ್ಟು ಭದ್ರವೇ? ಮೊದಲ ಚಾಟ್‌ಬಾಟ್ ಮಾಡಿದವರ ಬದುಕು ಹೇಳುವುದಿಷ್ಟು

ಕಬ್ಬಿಗೆ ಗೊಣ್ಣೆಹುಳು ಬಿತ್ತೆಂದರೆ, ನಡುರಾತ್ರಿ ಮಗುವಿಗೆ ಜ್ವರ ಬಂತೆಂದರೆ, ಕೃಷ್ಣಾ ತೀರದ ಜುಗೂಳದಲ್ಲಿ ಕುಳಿತೇ ಈಗ ಎಐ ಚಾಟ್‌ಬಾಟ್‌ಗೆ ಪ್ರಶ್ನೆ ಕೇಳಬಹುದು. ಅದಕ್ಕೆ ಅಕೌಂಟ್ ಕೂಡ ಬೇಕಿಲ್ಲ. ಚಾಟ್‌ಜಿಪಿಟಿಯನ್ನು ಲಾಗಿನ್ ಇಲ್ಲದೆ ಬಳಸುವ ಅವಕಾಶವನ್ನು ಓಪನ್‌ಎಐ ಕಂಪನಿ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಹೆಸರು, ನಂಬರ್ ಕೊಡದಿದ್ದರೆ ನಾವು ಬರೆದದ್ದು ಯಾರಿಗೂ ತಿಳಿಯದು ಎಂದು ಹಲವರು ನಂಬಿದ್ದಾರೆ. ಇದು ನಿಜವೇ? ಜೋಸೆಫ್ ವೈಜೆನ್‌ಬಾಮ್ ಅವರ ಕಥೆ ತಿಳಿದರೆ ಉತ್ತರ ಸುಲಭವಾಗುತ್ತದೆ.

ವೈಜೆನ್‌ಬಾಮ್ ಹುಟ್ಟಿದ್ದು 1923ರಲ್ಲಿ, ಬರ್ಲಿನ್‌ನ ಯಹೂದಿ ಕುಟುಂಬದಲ್ಲಿ. ನಾಜಿಗಳ ಆಳ್ವಿಕೆಯಲ್ಲಿ ಬದುಕು ದುಸ್ತರವಾದಾಗ, 1936ರಲ್ಲಿ ಕುಟುಂಬ ಅಮೆರಿಕ ಸೇರಿತು. ಅಲ್ಲಿ ಅವರು ಗಣಿತ ಓದಿದರು, ಬ್ಯಾಂಕ್ ಚೆಕ್‌ಗಳನ್ನು ನಿರ್ವಹಿಸುವ ಕಂಪ್ಯೂಟರ್ ವ್ಯವಸ್ಥೆಗಾಗಿ ದುಡಿದರು, ಮುಂದೆ ಎಂಐಟಿಯಲ್ಲಿ ಪ್ರಾಧ್ಯಾಪಕರಾದರು.

1966ರಲ್ಲಿ ಅವರು ಎಲೈಜಾ ಎಂಬ ಪ್ರೋಗ್ರಾಂ ಬಗ್ಗೆ ಪ್ರಬಂಧ ಪ್ರಕಟಿಸಿದರು. ಇದನ್ನೇ ಮೊದಲ ಚಾಟ್‌ಬಾಟ್ ಎನ್ನುತ್ತಾರೆ. ಅದರ ಕೆಲಸ ಬಲು ಸರಳ. ನಾವು ಬರೆದ ವಾಕ್ಯದಲ್ಲಿ ಒಂದು ಪದ ಹಿಡಿದು, ಅದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು. ತಾಯಿಯ ಬಗ್ಗೆ ಬರೆದರೆ ಮನೆಯವರ ಬಗ್ಗೆ ಹೇಳಿ ಎನ್ನುತ್ತಿತ್ತು. ಅರ್ಥ ಮಾಡಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ.

ಆದರೂ ಜನ ಅದರ ಮುಂದೆ ಮನಸ್ಸು ಬಿಚ್ಚಿದರು. ವೈಜೆನ್‌ಬಾಮ್ ಅವರ ಕಾರ್ಯದರ್ಶಿಗೆ ಅದು ಬರೀ ಪ್ರೋಗ್ರಾಂ ಎಂದು ಚೆನ್ನಾಗಿ ಗೊತ್ತಿತ್ತು. ಆಕೆಯೂ ನಾಲ್ಕು ಮಾತು ಬರೆಯುವಷ್ಟರಲ್ಲಿ, ಕೋಣೆಯಿಂದ ಹೊರಗೆ ಹೋಗುವಂತೆ ಅವರನ್ನೇ ಕೇಳಿಕೊಂಡರು! ಇನ್ನೊಮ್ಮೆ, ಎಲ್ಲರ ಸಂಭಾಷಣೆಗಳನ್ನೂ ತಾವು ನೋಡುವಂತೆ ವ್ಯವಸ್ಥೆ ಮಾಡಬಹುದು ಎಂದು ವೈಜೆನ್‌ಬಾಮ್ ಸೂಚಿಸಿದಾಗ, ಇದು ಬೇಹುಗಾರಿಕೆ ಎಂದು ಜನ ಸಿಡಿದೆದ್ದರು. ಯಂತ್ರದ ಹಿಂದೆ ಮನುಷ್ಯರಿರುತ್ತಾರೆ ಎಂಬುದು ಅವರಿಗೆ ಮರೆತೇಹೋಗಿತ್ತು.

ಇದು ವೈಜೆನ್‌ಬಾಮ್ ಅವರನ್ನು ಕಾಡಿತು. ಕೆಲವು ನಿರ್ಧಾರಗಳನ್ನು ಯಂತ್ರಕ್ಕೆ ಬಿಡಲೇಬಾರದು ಎಂದು 1976ರಲ್ಲಿ ಪುಸ್ತಕ ಬರೆದರು. ಕೊನೆಗಾಲದಲ್ಲಿ ಜರ್ಮನಿಗೆ ಮರಳಿ, 2008ರಲ್ಲಿ ಅಲ್ಲೇ ನಿಧನರಾದರು.

ಈಗ ನಮ್ಮ ಪ್ರಶ್ನೆಗೆ ಬರೋಣ. ಅಕೌಂಟ್ ಇಲ್ಲದಿದ್ದರೆ ಹೆಸರು, ಇಮೇಲ್ ಕಂಪನಿಗೆ ಹೋಗುವುದಿಲ್ಲ, ಇದು ಲಾಭವೇ. ಆದರೆ ನಿಮ್ಮ ಇಂಟರ್ನೆಟ್ ವಿಳಾಸ, ಬ್ರೌಸರ್ ವಿವರ ಅವರಿಗೆ ಕಾಣುತ್ತದೆ. ನೀವು ಬರೆದದ್ದು ಅವರ ಸರ್ವರ್‌ಗೇ ಹೋಗುತ್ತದೆ. ಎಐ ಅನ್ನು ಸುಧಾರಿಸಲೂ ಅದು ಬಳಕೆಯಾಗಬಹುದು. ಇದನ್ನು ನಿಲ್ಲಿಸುವ ಆಯ್ಕೆ ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲಿದೆ, ಅಕೌಂಟ್ ಇಲ್ಲದವರಿಗೂ.

ಹಾಗಾಗಿ ಅಕೌಂಟ್ ಇಲ್ಲದಿದ್ದರೆ ಎಲ್ಲವೂ ಗುಟ್ಟು ಎಂಬುದು ಅರ್ಧ ಸತ್ಯ ಮಾತ್ರ. ಗೊಣ್ಣೆಹುಳುವಿನ ಬಗ್ಗೆ ಧಾರಾಳವಾಗಿ ಕೇಳಿ. ಆಧಾರ್ ಸಂಖ್ಯೆ, ಬ್ಯಾಂಕ್ ವಿವರ, ಒಟಿಪಿ ಬರೆಯಬೇಡಿ. ಹೆಸರಿರುವ ಆಸ್ಪತ್ರೆ ರಿಪೋರ್ಟ್‌ನ ಫೋಟೊ ಹಾಕಿದರೆ, ಅಕೌಂಟ್ ಇಲ್ಲದೆಯೂ ನೀವು ಯಾರೆಂದು ನೀವೇ ಹೇಳಿದಂತೆ.