ಓಡುವ ಕುದುರೆಯನ್ನು ಹಿಡಿದ ಮೈಬ್ರಿಜ್: ಹೊಸ ಕ್ಯಾಮೆರಾ ಕೊಳ್ಳುವ ಮುನ್ನ ಈತನ ಕಥೆ ಓದಿ

ಕಾರ ಹುಣ್ಣಿಮೆ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎತ್ತುಗಳ ಫೋಟೋ ಹರಿದಾಡುತ್ತವೆ. ಕೊಂಬಿಗೆ ಬಣ್ಣ ಬಳಿದು ನಿಲ್ಲಿಸಿದ ಎತ್ತಿನ ಫೋಟೋ ಚೆನ್ನಾಗಿರುತ್ತದೆ. ಕರಿ ಹರಿಯುವಾಗ ಓಡುವ ಎತ್ತಿನ ಫೋಟೋ ಮಾತ್ರ ಮಸುಕು. ಆಗ ಯಾರೋ ಒಬ್ಬರು ಹೇಳುತ್ತಾರೆ, ಹೆಚ್ಚು ಮೆಗಾಪಿಕ್ಸೆಲ್‌ನ ಕ್ಯಾಮೆರಾ ತೆಗೆದುಕೊಂಡರೆ ಎಲ್ಲಾ ಸರಿಹೋಗುತ್ತದೆ ಎಂದು. ಈ ಮಾತು ನಂಬಿ ಸಾಲ ಮಾಡಿ ಕ್ಯಾಮೆರಾ ಕೊಳ್ಳುವ ಹುಡುಗರೂ ಇದ್ದಾರೆ.

ಇದು ನಿಜವೇ? ಉತ್ತರಕ್ಕಾಗಿ ಸುಮಾರು 150 ವರ್ಷ ಹಿಂದೆ, ಮೆಗಾಪಿಕ್ಸೆಲ್ ಎಂಬ ಪದವೇ ಇಲ್ಲದ ಕಾಲದಲ್ಲಿ ಇದೇ ತೊಂದರೆ ಎದುರಿಸಿದ ಒಬ್ಬ ಮನುಷ್ಯನ ಬದುಕನ್ನು ನೋಡೋಣ.

ಯಾರು ಈ ಮೈಬ್ರಿಜ್?

ಎಡ್ವರ್ಡ್ ಮೈಬ್ರಿಜ್ ಹುಟ್ಟಿದ್ದು 1830ರ ಏಪ್ರಿಲ್ 9ರಂದು, ಇಂಗ್ಲೆಂಡಿನ ಕಿಂಗ್‌ಸ್ಟನ್ ಎಂಬ ಊರಿನಲ್ಲಿ. ಯುವಕನಾಗಿದ್ದಾಗಲೇ ಅಮೆರಿಕಕ್ಕೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪುಸ್ತಕದಂಗಡಿ ಇಟ್ಟ. 1860ರಲ್ಲಿ ಪ್ರಯಾಣದ ಕುದುರೆಗಾಡಿ ಅಪಘಾತಕ್ಕೀಡಾಗಿ ತಲೆಗೆ ಬಲವಾದ ಪೆಟ್ಟು ಬಿತ್ತು. ಚಿಕಿತ್ಸೆಗೆ ಇಂಗ್ಲೆಂಡಿಗೆ ಹೋದವನು ಕೆಲವು ವರ್ಷಗಳ ಬಳಿಕ ಫೋಟೋಗ್ರಾಫರ್ ಆಗಿ ಮರಳಿದ. 1867ರಲ್ಲಿ ಯೊಸೆಮಿಟಿ ಕಣಿವೆಯ ಫೋಟೋಗಳಿಂದ ಹೆಸರು ಮಾಡಿದ.

1872ರಲ್ಲಿ ಲೀಲಂಡ್ ಸ್ಟ್ಯಾನ್‌ಫರ್ಡ್ ಎಂಬ ಶ್ರೀಮಂತ ಇವನನ್ನು ಕರೆಸಿದ. ಈತ ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್, ರೈಲು ಕಂಪನಿಯ ಒಡೆಯ, ಕುದುರೆಗಳ ಹುಚ್ಚು ಇದ್ದವನು. ಕುದುರೆ ಓಡುವಾಗ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬುದು ಅವನ ಪ್ರಶ್ನೆ. ಬರಿಗಣ್ಣಿಗೆ ಇದು ಕಾಣುವುದಿಲ್ಲ.

25,000 ಡಾಲರ್ ಪಂದ್ಯ: ಸತ್ಯವೇನು?

ಇದಕ್ಕಾಗಿ ಸ್ಟ್ಯಾನ್‌ಫರ್ಡ್ 25,000 ಡಾಲರ್ ಪಂದ್ಯ ಕಟ್ಟಿದ್ದ ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಇದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಕುದುರೆಗಳ ನಡಿಗೆಯನ್ನು ಅರಿತು ಅವುಗಳನ್ನು ಚೆನ್ನಾಗಿ ಪಳಗಿಸಬೇಕೆಂಬುದು ಅವನ ಆಸೆಯಾಗಿತ್ತು. ಕಥೆ ರಸವತ್ತಾಗಿದ್ದರೆ ಪುರಾವೆ ಕೇಳದೆ ಮುಂದಕ್ಕೆ ಕಳಿಸುವ ಅಭ್ಯಾಸ ವಾಟ್ಸ್‌ಆ್ಯಪ್‌ಗಿಂತ ಬಹಳ ಹಳೆಯದು.

ಕೆಲಸ ನಡುವೆ ನಿಂತೂ ಹೋಯಿತು. 1874ರಲ್ಲಿ ಮೈಬ್ರಿಜ್ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ. 1875ರಲ್ಲಿ ನ್ಯಾಯಾಲಯದ ಜ್ಯೂರಿ ಅವನನ್ನು ಬಿಡುಗಡೆ ಮಾಡಿತು. ಪ್ರಸಿದ್ಧರ ಬದುಕನ್ನು ಹೇಳುವಾಗ ಇಂಥದ್ದನ್ನು ಮುಚ್ಚಿಡುವುದು ಸರಿಯಲ್ಲ ಎಂದು ನಾವು ಭಾವಿಸುತ್ತೇವೆ.

ಜನ ನಂಬಲಿಲ್ಲ

1877ರಲ್ಲಿ ಮೈಬ್ರಿಜ್ ಓಡುವ ಕುದುರೆಯ ಒಂದು ಚಿತ್ರವನ್ನು ಪ್ರಕಟಿಸಿದ. ಆದರೆ ಅದು ಫೋಟೋ ನೋಡಿ ಕಲಾವಿದನಿಂದ ಬರೆಸಿ, ಮತ್ತೆ ಫೋಟೋ ತೆಗೆದ ಚಿತ್ರವಾಗಿತ್ತು. ಪತ್ರಿಕೆಗಳು ಅನುಮಾನಪಟ್ಟವು. ಇಂದಿನ ಮಾತಿನಲ್ಲಿ ಹೇಳುವುದಾದರೆ ಎಡಿಟ್ ಮಾಡಿದ ಫೋಟೋ ಎಂಬ ಆರೋಪ.

ಮೈಬ್ರಿಜ್ ಇದಕ್ಕೆ ಕೆಲಸದಲ್ಲೇ ಉತ್ತರ ಕೊಟ್ಟ. 1878ರ ಜೂನ್ 15ರಂದು ಪತ್ರಕರ್ತರನ್ನೇ ಪಾಲೊ ಆಲ್ಟೊದ ಕುದುರೆ ಫಾರ್ಮ್‌ಗೆ ಕರೆಸಿ, ಅವರೆದುರೇ ಕುದುರೆ ಓಡಿಸಿ, ಅಲ್ಲೇ ಪ್ಲೇಟುಗಳನ್ನು ತೊಳೆದು ತೋರಿಸಿದ. ಓಟದ ನಡುವೆ ಒಂದು ಕುದುರೆಯ ಜೀನಿನ ಪಟ್ಟಿ ಹರಿದಿತ್ತು. ಫೋಟೋದಲ್ಲೂ ಆ ಹರಿದ ಪಟ್ಟಿ ಕಂಡಿತು. ಅದಾದ ಮೇಲೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ನಾಲ್ಕೂ ಕಾಲು ನೆಲ ಬಿಡುವುದು ನಿಜ ಎಂದು ಸಾಬೀತಾಯಿತು. ಜೊತೆಗೆ ಇನ್ನೊಂದು ಅಚ್ಚರಿ. ನಾಗಾಲೋಟದ ಕುದುರೆಯನ್ನು ಚಿತ್ರಕಾರರು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುವಂತೆ ಬರೆಯುತ್ತಿದ್ದರು. ನಿಜದಲ್ಲಿ ಅದು ಗಾಳಿಯಲ್ಲಿರುವುದು ಕಾಲುಗಳನ್ನು ಹೊಟ್ಟೆಯ ಕೆಳಗೆ ಮಡಚಿಕೊಂಡಾಗ.

ಆತ ಗೆದ್ದದ್ದು ಹೇಗೆ?

ಒಂದು ಕ್ಯಾಮೆರಾದಿಂದ ಆಗದ ಕೆಲಸಕ್ಕೆ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟ. ಕುದುರೆ ಓಡುವ ದಾರಿಗೆ ಅಡ್ಡಲಾಗಿ ದಾರ ಕಟ್ಟಿದ. ಕುದುರೆಯೇ ದಾರ ಹರಿಯುತ್ತಾ ಹೋದಂತೆ ಒಂದೊಂದೇ ಕ್ಯಾಮೆರಾದ ಶಟರ್ ಬಿತ್ತು. ಬೆಳಕು ಹೆಚ್ಚಲೆಂದು ಎದುರಿಗೆ ಬಿಳಿ ಗೋಡೆ ನಿಲ್ಲಿಸಿದ. ಜೂನ್ 19ರ ಪ್ರಸಿದ್ಧ ಸರಣಿಯ ಕಾರ್ಡಿನಲ್ಲಿ ಅಚ್ಚಾದಂತೆ, ಫೋಟೋಗಳ ನಡುವೆ 27 ಇಂಚು ದೂರ, ಸೆಕೆಂಡಿನ 25ನೇ ಒಂದು ಭಾಗದಷ್ಟು ಸಮಯ, ಶಟರ್ ತೆರೆದಿದ್ದದ್ದು ಸೆಕೆಂಡಿನ 2,000ನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ ಸೆಕೆಂಡಿಗೆ 25 ಫ್ರೇಮ್ ವೇಗ!

ಇಂದು ನೀವು ಕ್ಯಾಮೆರಾ ಬಾಡಿ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳೂ ಇವೇ.

1. ಶಟರ್ ವೇಗ: ಗಂಟೆಗೆ 30 ಕಿ.ಮೀ. ವೇಗದ ಎತ್ತು ಸೆಕೆಂಡಿನ 100ನೇ ಒಂದು ಭಾಗದಲ್ಲಿ 8 ಸೆಂ.ಮೀ. ಮುಂದೆ ಹೋಗಿರುತ್ತದೆ. ಫೋಟೋ ಮಸುಕಾಗುವುದು ಇದರಿಂದಲೇ. 2,000ನೇ ಒಂದು ಭಾಗದಲ್ಲಿ ಅದು ಸರಿಯುವುದು 4 ಮಿ.ಮೀ. ಮಾತ್ರ. ಈ ವೇಗ ಇಂದಿನ ಬಹುತೇಕ ಎಲ್ಲ ಬಾಡಿಗಳಲ್ಲೂ ಇದೆ. ಹಳೆಯ ಕ್ಯಾಮೆರಾ ಇದ್ದರೆ ಮೊದಲು ಇದನ್ನೇ ಹೊಂದಿಸಿ ನೋಡಿ.

2. ಫ್ರೇಮ್ ಮತ್ತು ಬಫರ್: ಸೆಕೆಂಡಿಗೆ 10 ಫ್ರೇಮ್ ತೆಗೆದರೆ ಅದೇ ಎತ್ತು ಎರಡು ಫೋಟೋಗಳ ನಡುವೆ 83 ಸೆಂ.ಮೀ. ಓಡಿರುತ್ತದೆ. ಬಫರ್ ಚಿಕ್ಕದಾಗಿದ್ದರೆ ಕೆಲವೇ ಸೆಕೆಂಡಿನಲ್ಲಿ ಕ್ಯಾಮೆರಾ ನಿಧಾನವಾಗುತ್ತದೆ. ವೇಗದ ಕಾರ್ಡ್ ಕೂಡ ಬೇಕು.

3. ಫೋಕಸ್: ಮೈಬ್ರಿಜ್‌ನ ಕುದುರೆ ಗೆರೆ ಎಳೆದಂತೆ ಒಂದೇ ದಾರಿಯಲ್ಲಿ ಓಡಿತು. ಎತ್ತು, ಕಬಡ್ಡಿ ಆಟಗಾರ ಹಾಗಲ್ಲ. ಮನುಷ್ಯರನ್ನೂ ಪ್ರಾಣಿಗಳನ್ನೂ ಗುರುತಿಸಿ ಬೆನ್ನಟ್ಟುವ ಆಟೋಫೋಕಸ್ ಇದೆಯೇ ನೋಡಿ. ಹಣ ಹಾಕಬೇಕಾದದ್ದು ಮುಖ್ಯವಾಗಿ ಇಲ್ಲಿಗೆ.

4. ಎಲೆಕ್ಟ್ರಾನಿಕ್ ಶಟರ್: ಅಗ್ಗದ ಬಾಡಿಗಳಲ್ಲಿ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದು ನಿಧಾನ. ಹೀಗಾಗಿ ಓಡುವ ಬಂಡಿಯ ಗಾಲಿ ಓರೆಯಾಗಿ ಕಾಣಬಹುದು. ಮೆಕ್ಯಾನಿಕಲ್ ಶಟರ್‌ನಲ್ಲಿ ಎಷ್ಟು ಫ್ರೇಮ್ ಬರುತ್ತದೆ ಎಂದು ಕೇಳಿ.

5. ಬೆಳಕು: ನಮ್ಮ ಕಡೆ ಮಧ್ಯಾಹ್ನದ ಬಿಸಿಲಿಗೆ ಕೊರತೆಯಿಲ್ಲ. ಕರಿ ಹರಿಯುವುದು ಹೆಚ್ಚಾಗಿ ಸಂಜೆ, ಕಬಡ್ಡಿ ರಾತ್ರಿ. ಆಗ ಬಾಡಿಗಿಂತ ಒಳ್ಳೆಯ ಲೆನ್ಸ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಬಜೆಟ್ ಪೂರ್ತಿ ಬಾಡಿಗೇ ಸುರಿಯಬೇಡಿ.

ಮೆಗಾಪಿಕ್ಸೆಲ್? 24 ಇದ್ದರೆ 20 ಇಂಚು ಅಗಲದ ಪ್ರಿಂಟ್ ಚೆನ್ನಾಗಿ ಬರುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಫೈಲ್ ದೊಡ್ಡದಾಗುತ್ತದೆ, ಬಫರ್ ಬೇಗ ತುಂಬುತ್ತದೆ. ಮಸುಕಂತೂ ಕಡಿಮೆಯಾಗದು. ಕೊಳ್ಳುವ ಮುನ್ನ ಸ್ನೇಹಿತರದ್ದೋ ಬಾಡಿಗೆಯದ್ದೋ ಕ್ಯಾಮೆರಾ ತಂದು, ರಸ್ತೆಯಲ್ಲಿ ಎದುರು ಬರುವ ಬೈಕಿನ ಫೋಟೋ ತೆಗೆದು ಪರೀಕ್ಷಿಸಿ.

ಕೊನೆಗೆ ಏನಾಯಿತು?

1882ರಲ್ಲಿ ಸ್ಟ್ಯಾನ್‌ಫರ್ಡ್ ಈ ಫೋಟೋಗಳ ಆಧಾರದ ಪುಸ್ತಕವನ್ನು ಬೇರೊಬ್ಬರ ಹೆಸರಿನಲ್ಲಿ ಹೊರತಂದ. ಮೈಬ್ರಿಜ್‌ಗೆ ಸಲ್ಲಬೇಕಾದ ಶ್ರೇಯ ಸಿಗಲಿಲ್ಲ. ದಾವೆ ಹೂಡಿ ಸೋತ. ಆದರೂ ಬಿಡಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮನುಷ್ಯರ, ಪ್ರಾಣಿಗಳ ಚಲನೆಯ ಫೋಟೋ ತೆಗೆದು 1887ರಲ್ಲಿ 781 ಪುಟಗಳ ಚಿತ್ರಸಂಗ್ರಹ ಪ್ರಕಟಿಸಿದ. ಅವನು 1879ರಲ್ಲಿ ಮಾಡಿದ ಚಿತ್ರ ಓಡಿಸುವ ಯಂತ್ರ ಸಿನಿಮಾಕ್ಕೆ ದಾರಿ ತೋರಿದವುಗಳಲ್ಲೊಂದು. 1904ರ ಮೇ 8ರಂದು ಹುಟ್ಟೂರಿನಲ್ಲೇ ತೀರಿಕೊಂಡ.

ಹಾಗಾಗಿ ಹೆಚ್ಚು ಮೆಗಾಪಿಕ್ಸೆಲ್ ಇದ್ದರೆ ಓಡುವುದರ ಫೋಟೋ ಚೆನ್ನಾಗಿ ಬರುತ್ತದೆ ಎಂಬ ಮಾತು ತಪ್ಪು. ಕ್ಯಾಮೆರಾ ಕೊಳ್ಳಲು ಹೊರಟ ಗೆಳೆಯರು ನಿಮ್ಮ ಗುಂಪಿನಲ್ಲಿದ್ದರೆ, ಅವರು ಹಣ ಕೊಡುವ ಮುನ್ನ ಇದನ್ನು ಕಳಿಸಿ.