ಲೆಕ್ಕಪತ್ರ ಇಲಾಖೆಯಿಂದ ಬೆಳಕಿನ ಲೋಕಕ್ಕೆ: ಸರ್ ಸಿ.ವಿ. ರಾಮನ್

2007ರ ಆಗಸ್ಟ್ 25ರ ಸಂಜೆ ಹೈದರಾಬಾದಿನ ಲುಂಬಿನಿ ಪಾರ್ಕಿನಲ್ಲೂ ಕೋಠಿಯ ಗೋಕುಲ್ ಚಾಟ್ ಅಂಗಡಿಯಲ್ಲೂ ಬಾಂಬ್ ಸಿಡಿದು 40ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2013ರ ಫೆಬ್ರವರಿ 21ರಂದು ದಿಲ್‌ಸುಖ್‌ನಗರದಲ್ಲಿ ಮತ್ತೆ ಅದೇ ಗತಿ. ನಾರಾಯಣಗೂಡದ ಕನ್ನಡಿಗರಿಗೆ ಕೋಠಿ ದೂರದ ಊರೇನಲ್ಲ. ಮಕ್ಕಳ ಪುಸ್ತಕಕ್ಕೆ, ಬಟ್ಟೆಬರೆಗೆ, ಸಂಜೆಯ ತಿಂಡಿಗೆ ಹೋಗಿಬರುವ ಜಾಗ. ಅನುಮಾನದ ವಸ್ತುವೊಂದು ಕಣ್ಣಿಗೆ ಬಿದ್ದರೆ, ಯಾರೂ ಹತ್ತಿರ ಹೋಗದೆ ಅದು ಏನೆಂದು ತಿಳಿಯುವುದು ಹೇಗೆ? ವಿಜ್ಞಾನಿಗಳು ಈ ಪ್ರಶ್ನೆಗೆ ಹುಡುಕುತ್ತಿರುವ ಉತ್ತರಗಳಲ್ಲಿ ಒಂದರ ಬೇರು 1928ರ ಕಲ್ಕತ್ತೆಯಲ್ಲಿದೆ. ಅದನ್ನು ಕಂಡವರು ಹತ್ತು ವರ್ಷ ಸರ್ಕಾರದ ಲೆಕ್ಕ ಬರೆದಿದ್ದ ಸರ್ ಚಂದ್ರಶೇಖರ ವೆಂಕಟ ರಾಮನ್.

ರಾಮನ್ ಅವರು ಜನಿಸಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ವಿಶಾಖಪಟ್ಟಣದ ಕಾಲೇಜಿಗೆ ಅಧ್ಯಾಪಕರಾಗಿ ಹೋದದ್ದರಿಂದ ಬಾಲ್ಯ ಕಳೆದದ್ದು ತೆಲುಗು ನಾಡಿನಲ್ಲಿ. 11ನೆಯ ವಯಸ್ಸಿಗೇ ಮೆಟ್ರಿಕ್ ಮುಗಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ., 1907ರಲ್ಲಿ ಎಂ.ಎ. ಆ ದಿನಗಳಲ್ಲಿ ವಿಜ್ಞಾನ ಓದಿದವನಿಗೆ ಹೊಟ್ಟೆ ತುಂಬಿಸುವ ಕೆಲಸ ಎಲ್ಲಿತ್ತು? ಹಣಕಾಸು ಸೇವೆಯ ಪರೀಕ್ಷೆ ಬರೆದು ಮೊದಲಿಗರಾಗಿ ತೇರ್ಗಡೆಯಾದರು. ಅದೇ ವರ್ಷ ಲೋಕಸುಂದರಿ ಅವರೊಡನೆ ವಿವಾಹ. ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಹುದ್ದೆ. ಆಗ ವಯಸ್ಸು ಇನ್ನೂ 19 ತುಂಬಿರಲಿಲ್ಲ.

ಟ್ರಾಮ್ ಗಾಡಿಯಲ್ಲಿ ಹೋಗುವಾಗ ಬೌಬಜಾರ್ ಬೀದಿಯಲ್ಲಿ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಬೋರ್ಡು ಅವರ ಕಣ್ಣಿಗೆ ಬಿತ್ತು. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಕಟ್ಟಿದ್ದ ಸಂಸ್ಥೆ ಅದು. ಉಪಕರಣಗಳಿದ್ದವು, ಬಳಸುವವರು ಕಡಿಮೆ. ಅಂದಿನಿಂದ ರಾಮನ್ ಅವರ ದಿನಚರಿಯೇ ಬದಲಾಯಿತು. ಬೆಳಗಿನ ಜಾವ ಐದೂವರೆಗೆ ಸಂಘಕ್ಕೆ ಹೋಗುವುದು, ಮುಕ್ಕಾಲು ಹತ್ತಕ್ಕೆ ಮನೆಗೆ ಬಂದು ಸ್ನಾನ, ಅವಸರದ ಊಟ, ಕಚೇರಿ. ಸಂಜೆ ಐದಕ್ಕೆ ಕಚೇರಿಯಿಂದ ನೇರವಾಗಿ ಮತ್ತೆ ಸಂಘಕ್ಕೆ. ಮನೆ ಸೇರುವಾಗ ರಾತ್ರಿ ಹತ್ತಾಗುತ್ತಿತ್ತು. ಭಾನುವಾರವೂ ಬಿಡುವಿಲ್ಲ. ನಡುವೆ ರಂಗೂನಿಗೆ, ನಾಗಪುರಕ್ಕೆ ವರ್ಗವಾದಾಗ ಮನೆಯಲ್ಲೇ ಪ್ರಯೋಗ ಮುಂದುವರಿಯಿತು. ಲೆಕ್ಕಪತ್ರದ ಕೆಲಸದಲ್ಲೂ ಅವರು ಹಿಂದೆ ಬಿದ್ದವರಲ್ಲ, ಮೇಲಿನವರಿಗೆ ಅವರನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಆದರೂ 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಗಾಗಿ ಸರ್ಕಾರಿ ನೌಕರಿ ಬಿಟ್ಟರು. ಸಂಬಳ ಸುಮಾರು ಅರ್ಧಕ್ಕೆ ಇಳಿಯಿತು. ಸಂಸಾರಸ್ಥರಾದ ಎಷ್ಟು ಮಂದಿಗೆ ಈ ಧೈರ್ಯ ಬಂದೀತು?

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರನ್ನು ಸೆಳೆಯಿತು. ಅದು ಆಕಾಶದ ಪ್ರತಿಬಿಂಬ ಮಾತ್ರವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು. ಅಲ್ಲಿಂದ ಏಳು ವರ್ಷ ಶಿಷ್ಯರೊಡನೆ ಅದೇ ಧ್ಯಾನ. ಮೊದಮೊದಲು ಸೂರ್ಯನ ಬೆಳಕು, ಬಣ್ಣದ ಗಾಜು, ಬರಿಗಣ್ಣು ಇಷ್ಟೇ ಸಲಕರಣೆ. ಕೆ.ಎಸ್. ಕೃಷ್ಣನ್ ಅವರೊಂದಿಗೆ ಹತ್ತಾರು ದ್ರವಗಳನ್ನು ಶುದ್ಧಗೊಳಿಸಿ ಪರೀಕ್ಷಿಸಿದರು. 1928ರ ಫೆಬ್ರವರಿ 28ರಂದು ಫಲ ದೊರೆಯಿತು. ಒಂದು ಬಣ್ಣದ ಬೆಳಕು ವಸ್ತುವಿನ ಮೇಲೆ ಬಿದ್ದಾಗ ಬಹುಪಾಲು ಅದೇ ಬಣ್ಣದಲ್ಲಿ ಚದುರುತ್ತದೆ. ಎಲ್ಲೋ ಕೋಟಿಗೊಂದು ಕಣ ಮಾತ್ರ ಅಣುವಿನ ಕಂಪನದೊಡನೆ ಒಂದಿಷ್ಟು ಶಕ್ತಿ ಕೊಟ್ಟು ಅಥವಾ ಪಡೆದು ಬಣ್ಣ ಬದಲಿಸಿಕೊಂಡು ಬರುತ್ತದೆ. ಇದರ ಬಗ್ಗೆ ಅವರು ವಿವರವಾದ ಉಪನ್ಯಾಸ ಕೊಟ್ಟದ್ದು ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. 1930ರಲ್ಲಿ ನೊಬೆಲ್ ಬಂತು. ಬರುತ್ತದೆಂಬ ಭರವಸೆಯಲ್ಲಿ ಅವರು ಹಡಗಿನ ಟಿಕೆಟನ್ನು ಮೊದಲೇ ಕಾದಿರಿಸಿದ್ದರು!

ಬಣ್ಣ ಬದಲಾಗುವ ಪ್ರಮಾಣ ಅಣುವಿನಿಂದ ಅಣುವಿಗೆ ಬೇರೆ. ಸಕ್ಕರೆಯದ್ದೊಂದು, ಅಮೋನಿಯಂ ನೈಟ್ರೇಟಿನದ್ದೊಂದು, ಟಿ.ಎನ್.ಟಿ.ಯದ್ದು ಇನ್ನೊಂದು. ಬ್ಯಾಂಕಿನಲ್ಲಿ ಮಾದರಿ ಸಹಿಯೊಡನೆ ಚೆಕ್ಕಿನ ಸಹಿಯನ್ನು ತಾಳೆ ನೋಡುವಂತೆ, ಬಂದ ಬೆಳಕನ್ನು ಮೊದಲೇ ದಾಖಲಿಸಿದ ಗುರುತಿನೊಡನೆ ಹೋಲಿಸಿದರೆ ವಸ್ತು ಯಾವುದೆಂದು ತಿಳಿಯುತ್ತದೆ. ಕೊರತೆಯಿದ್ದದ್ದು ಪ್ರಖರವಾದ ಒಂದೇ ಬಣ್ಣದ ಬೆಳಕಿಗೆ. 1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಲೇಸರ್ ಮಾಡಿದಾಗ ಅದೂ ನೀಗಿತು. ಆಗ ರಾಮನ್ ಅವರಿಗೆ 71 ವರ್ಷ.

ಅಷ್ಟರಲ್ಲಿ ಅವರು ಬೆಂಗಳೂರಿನವರೇ ಆಗಿಹೋಗಿದ್ದರು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಆಡಳಿತದ ತಕರಾರುಗಳಿಂದ 1937ರಲ್ಲಿ ಆ ಹುದ್ದೆ ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಉಳಿದರು. ನೇರ ನುಡಿಯ, ಮುಂಗೋಪದ ಮನುಷ್ಯ. ಎಲ್ಲರೊಡನೆ ಹೊಂದಿಕೊಳ್ಳುವುದು ಅವರಿಗೆ ಆಗಿಬರಲಿಲ್ಲ ಎಂಬುದನ್ನೂ ಹೇಳಬೇಕು. ಬಳಿಕ ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. 1943ರಲ್ಲಿ ಅವರು ಪಾಲುಗೊಂಡು ಆರಂಭಿಸಿದ ತಿರುವಾಂಕೂರಿನ ರಾಸಾಯನಿಕ ಕಾರ್ಖಾನೆ ಬೆಂಕಿಪೊಟ್ಟಣಕ್ಕೆ ಬೇಕಾದ ಪೊಟ್ಯಾಸಿಯಂ ಕ್ಲೋರೇಟ್ ತಯಾರಿಸುತ್ತಿತ್ತು. ಇಂದು ಲೇಸರ್ ಹಿಡಿದು ಹುಡುಕುವ ಅಪಾಯಕಾರಿ ಪುಡಿಗಳ ಪಟ್ಟಿಯಲ್ಲಿ ಅದೂ ಒಂದು. 1954ರಲ್ಲಿ ಭಾರತರತ್ನ. 1970ರ ನವೆಂಬರ್ 21ರಂದು ನಿಧನರಾದಾಗ ಅಂತ್ಯಕ್ರಿಯೆ ನಡೆದದ್ದು ಅವರ ಸಂಸ್ಥೆಯ ತೋಟದಲ್ಲೇ.

ದೂರದಿಂದ ಪತ್ತೆ ಮಾಡುವ ಕ್ರಮ ಹೀಗೆ: ಹಲವು ಮೀಟರ್ ಆಚೆಯಿಂದ ವಸ್ತುವಿನ ಮೇಲೆ ಲೇಸರ್ ಮಿಡಿತ ಬಿಡುತ್ತಾರೆ, ಮರಳಿದ ಮಿಣುಕು ಬೆಳಕನ್ನು ದೂರದರ್ಶಕದಲ್ಲಿ ಒಟ್ಟುಗೂಡಿಸಿ ಬಣ್ಣಗಳನ್ನು ಬಿಡಿಸಿ ನೋಡುತ್ತಾರೆ. ಆದರೆ ಇದೇನೂ ಮಂತ್ರದಂಡವಲ್ಲ. ದೂರ ಹೆಚ್ಚಿದಂತೆ ಬೆಳಕು ಕ್ಷೀಣಿಸುತ್ತದೆ. ಕೆಲವು ವಸ್ತುಗಳು ತಾವೇ ಹೊಳೆದು ಗುರುತನ್ನು ಮುಚ್ಚಿಬಿಡುತ್ತವೆ. ಕಪ್ಪು ವಸ್ತು ಲೇಸರಿನಿಂದ ಕಾದರೆ ಅದೇ ಅಪಾಯ, ದಾರಿಹೋಕರ ಕಣ್ಣಿಗೂ ಅಪಾಯ. ದಪ್ಪ ಚೀಲದ ಒಳಗೆ ಇದು ಸುಲಭವಾಗಿ ಹೋಗದು, ಹೊರಗೆ ಮೆತ್ತಿಕೊಂಡ ಪುಡಿ ಮಾತ್ರ ಸಿಗುತ್ತದೆ. ಈ ತೊಡಕಿಗೆ ದಾರಿ ಹುಡುಕಿದವರು ರಾಮನ್ ನಿರ್ದೇಶಕರಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಯವರೇ. ಬೆಳಕನ್ನು ಹಲವು ಕೋನಗಳಿಂದ ಹಿಡಿದು, ಡಬ್ಬಿಯೊಳಗೆ ಮರೆಯಾದ ವಸ್ತುವನ್ನೂ ಗುರುತಿಸುವ ವಿಧಾನವನ್ನು ಪ್ರೊ. ಶಿವ ಉಮಾಪತಿ ಅವರ ತಂಡ 2014ರಲ್ಲಿ ಪ್ರಕಟಿಸಿತು. ಇತ್ತ ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆಯ ನೆರವಿನ ಕೇಂದ್ರದಲ್ಲಿ, ಸ್ಫೋಟಕಗಳನ್ನು ಕೆಲವು ಮೀಟರ್ ದೂರದಿಂದ ಲೇಸರ್ ಮೂಲಕ ಗುರುತಿಸುವ ಪ್ರಯೋಗಗಳು ನಡೆದಿವೆ.