ಬೆಂಗಳೂರಿನ ನೀರಿನ ಪೀಪಾಯಿ ಮತ್ತು ರಾಸ್‌ನ ಅನುಮಾನ

ದೀಪಾವಳಿ ಹೊತ್ತಿಗೆ ಚೆನ್ನೈಗೆ ಮಳೆ ಹಿಡಿಯುತ್ತದೆ. ವೇಳಚೇರಿಯ ನಮ್ಮ ಬೀದಿಯಲ್ಲಿ ನೀರು ನಿಲ್ಲುತ್ತದೆ. ನೀರಿನ ಹಿಂದೆ ಸೊಳ್ಳೆ, ಸೊಳ್ಳೆಯ ಹಿಂದೆ ಊರಿನಿಂದ ಅಮ್ಮನ ವಾಟ್ಸ್‌ಆ್ಯಪ್. ಯಾವುದೋ ಎಲೆಯ ಕಷಾಯ ಕುಡಿದರೆ ಜ್ವರ ಹತ್ತಿರ ಸುಳಿಯುವುದಿಲ್ಲವೆಂದು ಸಂಶೋಧನೆ ಹೇಳಿದೆಯಂತೆ. ಔಷಧ ಪ್ರಯೋಗಗಳ ಲೆಕ್ಕ ನೋಡುವುದೇ ನನ್ನ ಉದ್ಯೋಗವಾದ್ದರಿಂದ ತೀರ್ಪು ನಾನೇ ಕೊಡಬೇಕು.

ಅಪ್ಪನದು ಇನ್ನೊಂದು ಕಥೆ. ಹೋದ ವರ್ಷ ಇಂಥದ್ದೇ ಸುದ್ದಿ ನಂಬಿ ಬಿಪಿ ಮಾತ್ರೆ ಬಿಟ್ಟು ಆಸ್ಪತ್ರೆ ಸೇರಿದ್ದರು. ಈಗ ಸಂಶೋಧನೆ ಎಂದರೆ ಸಾಕು, ಎಲ್ಲ ಸುಳ್ಳು ಎನ್ನುತ್ತಾರೆ. ಡಾಕ್ಟರ ಮಾತೂ ಅದರಲ್ಲಿ ಸೇರಿಹೋಗಿದೆ. ಈ ಸಲ ಫೋನಿನಲ್ಲಿ ಇಬ್ಬರಿಗೂ ರೊನಾಲ್ಡ್ ರಾಸ್‌ನ ಕಥೆ ಹೇಳಿದೆ.

ರಾಸ್ ಹುಟ್ಟಿದ್ದು 1857ರಲ್ಲಿ, ಅಲ್ಮೋರಾದಲ್ಲಿ. ತಂದೆ ಸೇನಾಧಿಕಾರಿ. ಹುಡುಗನಿಗೆ ಕವಿತೆ, ಚಿತ್ರಕಲೆಯ ಹುಚ್ಚು. ತಂದೆಯ ಒತ್ತಾಯಕ್ಕೆ ವೈದ್ಯನಾದ. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದಾಗ ಸಿಕ್ಕಿದ್ದು ನಮ್ಮ ಈ ಮದ್ರಾಸ್ ಪ್ರಾಂತ್ಯ. ಎರಡು ವರ್ಷದಲ್ಲಿ ಬೆಂಗಳೂರಿಗೆ ವರ್ಗ. ಅಲ್ಲಿನ ಬಂಗಲೆಯಲ್ಲಿ ಸೊಳ್ಳೆಕಾಟ ತಡೆಯಲಾಗದೆ ಹುಡುಕಿದರೆ, ಕಿಟಕಿಯ ಹೊರಗಿನ ನೀರಿನ ಪೀಪಾಯಿಯಲ್ಲಿ ಮರಿಹುಳುಗಳು ಮಿಜಿಗುಡುತ್ತಿದ್ದವು. ಪೀಪಾಯಿ ಬೋರಲು ಹಾಕಿದ, ಸೊಳ್ಳೆ ಕಡಿಮೆಯಾಯಿತು. ಮೆಸ್ಸಿನ ಸುತ್ತಲೂ ಹಾಗೇ ಮಾಡೋಣವೆಂದರೆ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆಯೆಂದು ಆಗ ರಾಸ್‌ಗೂ ತಿಳಿದಿರಲಿಲ್ಲ.

ಅದಕ್ಕೆ ಮುಂಚೆಯೇ, 1880ರಲ್ಲಿ, ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ವೈದ್ಯ ಲಾವೆರಾನ್ ಮಲೇರಿಯಾ ರೋಗಿಗಳ ರಕ್ತದಲ್ಲಿ ಪರೋಪಜೀವಿ ಕಂಡಿದ್ದ. ರಾಸ್ ನಂಬಲಿಲ್ಲ. ತಾನೂ ಸೂಕ್ಷ್ಮದರ್ಶಕದಲ್ಲಿ ಹುಡುಕಿದ, ಏನೂ ಕಾಣಲಿಲ್ಲ. ಜ್ವರದ ಮೂಲ ಕರುಳಿನಲ್ಲಿದೆ ಎಂದು ವಾದಿಸಿ ಲೇಖನಗಳನ್ನೂ ಬರೆದ. ಅನುಮಾನಪಟ್ಟದ್ದು ತಪ್ಪಲ್ಲ, ಆದರೆ ತೀರ್ಮಾನ ತಪ್ಪಾಗಿತ್ತು.

1894ರಲ್ಲಿ ರಜೆಗೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ ಗಾಜಿನ ಪಟ್ಟಿಯ ಮೇಲೆ ಆ ಜೀವಿಯನ್ನು ತೋರಿಸಿಕೊಟ್ಟ. ಅಚ್ಚಾದ ತನ್ನ ಮಾತಿಗೆ ರಾಸ್ ಜೋತುಬೀಳಲಿಲ್ಲ. ಕಣ್ಣಾರೆ ಕಂಡ ಮೇಲೆ ಒಪ್ಪಿದ.

ಇದು ಸೊಳ್ಳೆಯ ಮೂಲಕ ಹರಡುತ್ತಿರಬಹುದೆಂದು ಮ್ಯಾನ್ಸನ್‌ನ ಊಹೆ. ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ ಎಂದು ಅವನ ಲೆಕ್ಕ. 1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಅದನ್ನೂ ಪರೀಕ್ಷಿಸಿದ. ದುಡ್ಡು ಕೊಟ್ಟು ಅಂಥ ನೀರನ್ನು ಮನುಷ್ಯರಿಗೇ ಕುಡಿಸಿದ. ಇವತ್ತು ಯಾರೂ ಒಪ್ಪದ ಕೆಲಸ. ಒಬ್ಬನಿಗೆ ಸಣ್ಣಗೆ ಜ್ವರ ಬಂತು. ಇವತ್ತಾಗಿದ್ದರೆ ಮರುದಿನದ ತಲೆಬರಹಕ್ಕೆ ಅಷ್ಟೇ ಸಾಕಿತ್ತು. ರಾಸ್‌ಗೂ ಆಸೆ ಹುಟ್ಟಿತು. ಆದರೆ ಮತ್ತೆ ಮತ್ತೆ ಮಾಡಿ ನೋಡಿದಾಗ ಫಲಿತಾಂಶ ಕೈಕೊಟ್ಟಿತು. ಗುರುವಿನ ಊಹೆಯಲ್ಲಿ ಸೊಳ್ಳೆ ಉಳಿಯಿತು, ನೀರು ಕುಡಿಯುವ ಭಾಗ ಬಿದ್ದುಹೋಯಿತು.

ನಡುವೆ ಕಾಲರಾ ಕೆಲಸಕ್ಕೆಂದು ಮತ್ತೆ ಬೆಂಗಳೂರು. 1897ರಲ್ಲಿ ಊಟಿ ಬಳಿಯ ಸಿಗೂರು ಘಾಟಿಗೆ ಹೋಗಿ ತಾನೇ ಮಲೇರಿಯಾ ಹಿಡಿಸಿಕೊಂಡ. ಸಿಕಂದರಾಬಾದಿಗೆ ಮರಳಿ ಆಗಸ್ಟ್ ಸೆಕೆಯಲ್ಲಿ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡಿದ. ಫ್ಯಾನ್ ಬೀಸಿದರೆ ಸೊಳ್ಳೆ ಹಾರಿಹೋದೀತೆಂಬ ಭಯ. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗೆ ಒಂದಾಣೆಯಂತೆ ಕೂಲಿ ಪಡೆದು ಕಚ್ಚಿಸಿಕೊಂಡ. ಆಗಸ್ಟ್ 20ರಂದು, ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಕೋಶಗಳು ಕಂಡವು. ಮರುದಿನ ಇನ್ನೊಂದನ್ನು ಸೀಳಿ ಖಚಿತಪಡಿಸಿಕೊಂಡ.

ಅಲ್ಲಿಗೂ ಪ್ರಶ್ನೆ ಮುಗಿದಿರಲಿಲ್ಲ. ಆ ಜೀವಿ ಸೊಳ್ಳೆಯ ಹೊಟ್ಟೆಯಿಂದ ಮುಂದೆ ಹೇಗೆ ಹೋಗುತ್ತದೆ? ವರ್ಗವಾಗಿ ಕಲ್ಕತ್ತೆ ಸೇರಿದ ರಾಸ್ 1898ರಲ್ಲಿ ಹಕ್ಕಿಗಳ ಮಲೇರಿಯಾ ಹಿಡಿದು, ಅದು ಸೊಳ್ಳೆಯ ಜೊಲ್ಲಿನ ಗ್ರಂಥಿ ಸೇರಿ ಕಚ್ಚಿದಾಗ ದಾಟುವುದನ್ನು ತೋರಿಸಿದ. ಮನುಷ್ಯರ ಮಲೇರಿಯಾದಲ್ಲಿ ಇಡೀ ಚಕ್ರವನ್ನು ಅದೇ ವರ್ಷ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಬಿಡಿಸಿದರು. ಕೀರ್ತಿ ಯಾರದೆಂದು ರಾಸ್ ಅವರೊಡನೆ ವರ್ಷಗಟ್ಟಲೆ ಜಗಳವಾಡಿದ, ಆತನೂ ಮನುಷ್ಯನೇ. 1902ರಲ್ಲಿ ನೊಬೆಲ್ ಬಂತು. ತಾನು ಒಮ್ಮೆ ನಂಬದಿದ್ದ ಲಾವೆರಾನ್‌ಗೂ 1907ರಲ್ಲಿ ಬಂತು. ರಾಸ್ ತೀರಿಕೊಂಡದ್ದು 1932ರಲ್ಲಿ.

ಕಥೆ ಮುಗಿದ ಮೇಲೆ ಅಪ್ಪ ಸುಮ್ಮನಿದ್ದರು. ನಾನೂ ಉಪದೇಶ ಮಾಡಲಿಲ್ಲ. ಎಲ್ಲವನ್ನೂ ನಂಬುವುದೂ ಏನನ್ನೂ ನಂಬದಿರುವುದೂ ಎರಡೂ ಸುಲಭದ ಕೆಲಸ. ಎರಡರಲ್ಲೂ ಪರೀಕ್ಷಿಸುವ ಶ್ರಮವಿಲ್ಲ. ರಾಸ್‌ನಂತೆ ಸೊಳ್ಳೆ ಸೀಳಲು ನಮ್ಮಿಂದಾಗದು. ಎಷ್ಟು ಜನರ ಮೇಲೆ ನೋಡಿದರು, ಕುಡಿಯದವರ ಗತಿ ಏನಾಯಿತು, ಬೇರೆಯವರು ಮಾಡಿದಾಗಲೂ ಹಾಗೇ ಬಂತೇ ಎಂದು ಕೇಳಬಹುದಲ್ಲ?

ಮೊನ್ನೆ ಅಮ್ಮ ಇನ್ನೊಂದು ತುಣುಕು ಕಳಿಸಿದ್ದಳು. ಅದರ ಕೆಳಗೆ ಅಪ್ಪನ ಪ್ರಶ್ನೆ: ಇದನ್ನು ಎಷ್ಟು ಜನಕ್ಕೆ ಕುಡಿಸಿದ್ದರಂತೆ? ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಂದು ಅಮ್ಮ ಹೇಳಿದಳು. ಬಚ್ಚಲ ಹಿಂದಿನ ಡ್ರಮ್ಮನ್ನು ಅವಳು ಯಾವ ಸಂಶೋಧನೆಗೂ ಕಾಯದೆ ಬೋರಲು ಹಾಕಿದ್ದಾಳೆ.